ಸಕ್ಕರೆ 230ಕ್ಕೆ ಇಳಿದ ಮೇಲೂ ಇನ್ಸುಲಿನ್ ಡ್ರಿಪ್ ಯಾಕೆ?

ಪ್ರಶ್ನೆ: ನಾನು ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಶುಶ್ರೂಷಾಧಿಕಾರಿ. ಸುಮಾರು 60 ಕೆ.ಜಿ. ತೂಕದ ಯುವಕನೊಬ್ಬ ವಾಂತಿ, ಹೊಟ್ಟೆನೋವು, ಏದುಸಿರು ಎಂದು ದಾಖಲಾದ. ಜಿಆರ್‌ಬಿಎಸ್ (ಬೆರಳು ಚುಚ್ಚಿ ನೋಡುವ ಸಕ್ಕರೆ) 480, ಮೂತ್ರದಲ್ಲಿ ಕೀಟೋನ್ 3+. ಡಾಕ್ಟರು ಡಿಕೆಎ (ಡಯಾಬಿಟಿಕ್ ಕೀಟೋಅಸಿಡೋಸಿಸ್, ಇನ್ಸುಲಿನ್ ಕೊರತೆಯಿಂದ ಕೀಟೋನ್ ಏರಿ ರಕ್ತ ಆಮ್ಲೀಯವಾಗುವ ಸ್ಥಿತಿ) ಎಂದು ಗಂಟೆಗೆ 6 ಯೂನಿಟ್ ರೆಗ್ಯುಲರ್ ಇನ್ಸುಲಿನ್ ಡ್ರಿಪ್ ಬರೆದರು. ರಾತ್ರಿ ಸಕ್ಕರೆ 230ಕ್ಕೆ ಬಂದಾಗ ಡ್ರಿಪ್ ನಿಲ್ಲಿಸುವ ಬದಲು ಜೊತೆಗೆ ಡಿಎನ್‌ಎಸ್ (ಗ್ಲೂಕೋಸ್ ಬೆರೆತ ಸಲೈನ್) ಹಾಕಿಸಿದರು. ‘ಶುಗರ್ ಪೇಷಂಟ್‌ಗೆ ಗ್ಲೂಕೋಸ್ ಏರಿಸ್ತಾ ಇದ್ದೀರಲ್ಲ’ ಎಂದು ಮನೆಯವರು ಗಲಾಟೆ ಮಾಡಿದರು. ಇನ್ನೊಬ್ಬ ಡಾಕ್ಟರು ಇಂಥದ್ದೇ ರೋಗಿಗೆ ಡ್ರಿಪ್ ಇಲ್ಲದೆ ಎರಡು ಗಂಟೆಗೊಮ್ಮೆ ಚರ್ಮದಡಿ ಇಂಜೆಕ್ಷನ್ ಕೊಡಿಸಿದರು. ಎರಡರಲ್ಲಿ ಯಾವುದು ಸರಿ? ನಮ್ಮಲ್ಲಿ ಸಿರಿಂಜ್ ಪಂಪ್ ಸಾಮಾನ್ಯವಾಗಿ ಸಿಗುವುದಿಲ್ಲ.

ಉತ್ತರ: ಎರಡೂ ಸರಿ, ರೋಗಿಗೆ ತಕ್ಕ ದಾರಿ ಆರಿಸಿದ್ದರೆ. ಡಿಎನ್‌ಎಸ್ ಹಾಕಿಸಿದ್ದಂತೂ ನೂರಕ್ಕೆ ನೂರು ಸರಿ. ಡಿಕೆಎಯಲ್ಲಿ ಇನ್ಸುಲಿನ್ ಕೊಡುವುದು ಬರೀ ಸಕ್ಕರೆ ಇಳಿಸಲಿಕ್ಕಲ್ಲ, ಮುಖ್ಯವಾಗಿ ಕೀಟೋನ್ ಉತ್ಪತ್ತಿ ನಿಲ್ಲಿಸಲಿಕ್ಕೆ. ಈ ಕಾಯಿಲೆಯ ಚಿಕಿತ್ಸೆಯಲ್ಲಿ ಆಗುವ ತಪ್ಪುಗಳಲ್ಲಿ ಹಲವು ಇದನ್ನು ಮರೆಯುವುದರಿಂದಲೇ ಆಗುತ್ತವೆ.

ಇನ್ಸುಲಿನ್ ಇಲ್ಲದಾಗ ಕೊಬ್ಬು ತಡೆಯಿಲ್ಲದೆ ಕರಗಿ ಯಕೃತ್ತಿಗೆ ಹರಿಯುತ್ತದೆ. ಯಕೃತ್ತು ಅದನ್ನು ಕೀಟೋನ್ ಮಾಡಿ ರಕ್ತಕ್ಕೆ ಬಿಡುತ್ತದೆ, ರಕ್ತ ಆಮ್ಲೀಯವಾಗುತ್ತದೆ. ಆ ಆಮ್ಲವನ್ನು ಉಸಿರಿನ ಮೂಲಕ ಹೊರಹಾಕಲು ದೇಹ ಪಡುವ ಪಾಡೇ ನೀವು ಕಂಡ ಏದುಸಿರು. ಸಕ್ಕರೆ ಏರುವುದು ಇದರ ಜೊತೆಗೇ ನಡೆಯುವ ಇನ್ನೊಂದು ಘಟನೆ. ಚಿಕಿತ್ಸೆ ಶುರುವಾದ ಮೇಲೆ ಎರಡೂ ಒಂದೇ ವೇಗದಲ್ಲಿ ಇಳಿಯುವುದಿಲ್ಲ. ಸಕ್ಕರೆ ಸಾಮಾನ್ಯವಾಗಿ 6 ಗಂಟೆಯ ಆಸುಪಾಸಿನಲ್ಲಿ 250ರ ಕೆಳಗೆ ಬಂದುಬಿಡುತ್ತದೆ, ಆಮ್ಲ ತಿಳಿಯಾಗಲು 12 ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಈ ನಡುವಿನ ಆರೇಳು ಗಂಟೆ ಇನ್ಸುಲಿನ್ ಬೇಕೇ ಬೇಕು, ಆದರೆ ಸಕ್ಕರೆ ಪಾತಾಳಕ್ಕೂ ಇಳಿಯಬಾರದು. ಅದಕ್ಕೆ ಡಿಎನ್‌ಎಸ್. ಮನೆಯವರಿಗೆ ಹೀಗೆ ಹೇಳಿ: ‘ಈ ಗ್ಲೂಕೋಸ್ ಹಾಕುತ್ತಿರುವುದರಿಂದಲೇ ಇನ್ಸುಲಿನ್ ಮುಂದುವರಿಸಲು ಆಗುತ್ತಿದೆ. ರಕ್ತದಲ್ಲಿ ವಿಷ ಇನ್ನೂ ಇದೆ, ಅದು ಹೋಗುವ ತನಕ ಇನ್ಸುಲಿನ್ ನಿಲ್ಲಿಸುವಂತಿಲ್ಲ.’ ಗಲಾಟೆ ಮಾಡುವವರಿಗೂ ಇದು ಅರ್ಥವಾಗುತ್ತದೆ.

ಇನ್ಸುಲಿನ್‌ಗಿಂತ ಮೊದಲು

ವಯಲ್‌ಗೆ ಕೈ ಹಾಕುವ ಮುಂಚೆ ಎರಡು ಕೆಲಸ ಆಗಿರಬೇಕು. ಸಲೈನ್ ಹರಿಯಲು ಶುರುವಾಗಿರಬೇಕು, ಪೊಟ್ಯಾಸಿಯಂ ಎಷ್ಟಿದೆ ಎಂದು ಗೊತ್ತಿರಬೇಕು.

ವಯಸ್ಕರಿಗೆ ಮೊದಲ ಕೆಲವು ಗಂಟೆ ನಾರ್ಮಲ್ ಸಲೈನ್ ಅಥವಾ ರಿಂಗರ್ ಲ್ಯಾಕ್ಟೇಟ್‌ನಂಥ ದ್ರವ ಗಂಟೆಗೆ 500ರಿಂದ 1000 ಮಿ.ಲೀ. ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇದ್ದವರಿಗೆ 250 ಮಿ.ಲೀ. ಕೊಟ್ಟು, ಎದೆಗೆ ಸ್ಟೆತ್ ಇಟ್ಟು ನೋಡಿ, ಆಮೇಲೆ ಮುಂದಿನ 250. ದ್ರವವೊಂದರಿಂದಲೇ ಸಕ್ಕರೆ ಗಣನೀಯವಾಗಿ ಇಳಿಯುತ್ತದೆ. ಆದ್ದರಿಂದ ಲ್ಯಾಬ್ ರಿಪೋರ್ಟ್‌ಗಾಗಿ ಇನ್ಸುಲಿನ್ ಸ್ವಲ್ಪ ತಡವಾಯಿತೆಂದು ಗಾಬರಿ ಬೇಡ, ಆ ಸಮಯ ವ್ಯರ್ಥವಾಗಿರುವುದಿಲ್ಲ.

ಪೊಟ್ಯಾಸಿಯಂ ವಿಷಯದಲ್ಲಿ ಮಾತ್ರ ರಾಜಿ ಇಲ್ಲ. ವಾಂತಿ ಮತ್ತು ಮೂತ್ರದಲ್ಲಿ ರೋಗಿ ಪ್ರತಿ ಕೆ.ಜಿ. ತೂಕಕ್ಕೆ 3ರಿಂದ 5 ಮಿ.ಮೋಲ್ ಪೊಟ್ಯಾಸಿಯಂ ಕಳೆದುಕೊಂಡಿರುತ್ತಾನೆ. ಆದರೂ ರಕ್ತಪರೀಕ್ಷೆಯಲ್ಲಿ ಅದು 5 ಎಂದು ತೋರಬಹುದು, ಏಕೆಂದರೆ ಇನ್ಸುಲಿನ್ ಇಲ್ಲದೆ ಜೀವಕೋಶಗಳೊಳಗಿನದು ಹೊರಗೆ ಬಂದು ನಿಂತಿರುತ್ತದೆ. ಇನ್ಸುಲಿನ್ ಕೊಟ್ಟ ಕೂಡಲೇ ಅದು ವಾಪಸು ಒಳಗೆ ನುಗ್ಗುತ್ತದೆ. ಶುರುವಿನಲ್ಲೇ 3 ಇದ್ದವನಿಗೆ ಡ್ರಿಪ್ ಹಚ್ಚಿದರೆ ಹೃದಯದ ಲಯ ತಪ್ಪಿ ಸಾಯಬಹುದು. ಅಮೆರಿಕ ಮತ್ತು ಯುರೋಪಿನ ಮಧುಮೇಹ ಸಂಘಗಳು ಸೇರಿ 2024ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯ ಲೆಕ್ಕ ಇದು: 3.5ಕ್ಕಿಂತ ಕಡಿಮೆ ಇದ್ದರೆ ಇನ್ಸುಲಿನ್ ತಡೆದು ಮೊದಲು ಗಂಟೆಗೆ 10ರಿಂದ 20 ಮಿ.ಮೋಲ್ ಪೊಟ್ಯಾಸಿಯಂ, 3.5ರಿಂದ 5ರ ನಡುವೆ ಇದ್ದರೆ ಇನ್ಸುಲಿನ್ ಜೊತೆಗೆ ಪ್ರತಿ ಲೀಟರ್ ದ್ರವಕ್ಕೆ 10ರಿಂದ 20 ಮಿ.ಮೋಲ್, 5ಕ್ಕಿಂತ ಹೆಚ್ಚಿದ್ದರೆ ಇನ್ಸುಲಿನ್ ಮಾತ್ರ ಶುರು ಮಾಡಿ ಎರಡು ಗಂಟೆಗೊಮ್ಮೆ ಮತ್ತೆ ಪರೀಕ್ಷೆ. ಬ್ರಿಟನ್ ಪದ್ಧತಿಯಲ್ಲಿ ಲೀಟರ್‌ಗೆ 40 ಹಾಕುತ್ತಾರೆ. ನಿಮ್ಮ ಡಾಕ್ಟರು ಯಾವುದನ್ನು ಅನುಸರಿಸುತ್ತಾರೋ ಅದನ್ನೇ ಹಿಡಿಯಿರಿ, ಎರಡನ್ನೂ ಬೆರೆಸಬೇಡಿ.

ನಮ್ಮಲ್ಲಿ ಸಿಗುವ 10 ಮಿ.ಲೀ. ಕೆಸಿಎಲ್ (ಪೊಟ್ಯಾಸಿಯಂ ಕ್ಲೋರೈಡ್) ಆಂಪೂಲ್‌ನಲ್ಲಿ 20 ಮಿ.ಮೋಲ್ ಇರುತ್ತದೆ. ಅದನ್ನು ಯಾವತ್ತೂ ನೇರವಾಗಿ ರಕ್ತನಾಳಕ್ಕೆ ತಳ್ಳಬಾರದು ಎಂಬುದು ನಿಮಗೆ ಗೊತ್ತೇ ಇದೆ. ಅಷ್ಟಾಗಿ ಗಮನಕ್ಕೆ ಬಾರದ್ದು ಇನ್ನೊಂದಿದೆ. ಸ್ಟ್ಯಾಂಡಿಗೆ ತೂಗುಹಾಕಿರುವ ಬಾಟಲಿಗೆ ಕೆಸಿಎಲ್ ಚುಚ್ಚಿ ಹಾಗೇ ಬಿಟ್ಟರೆ ಅದು ಸಲೈನ್‌ಗಿಂತ ಭಾರವಾದ್ದರಿಂದ ತಳದಲ್ಲೇ ನಿಂತು ಮೊದಲ ಕೆಲವು ನಿಮಿಷದಲ್ಲಿ ಗಟ್ಟಿ ಡೋಸ್ ಆಗಿ ಹೋಗುತ್ತದೆ. ಬಾಟಲಿ ಇಳಿಸಿ, ಹಾಕಿ, ಹಲವು ಸಲ ತಲೆಕೆಳಗು ಮಾಡಿ ಬೆರೆಸಿ, ಆಮೇಲೆ ತೂಗುಹಾಕಿ. ರೋಗಿ ಮೂತ್ರ ಮಾಡುತ್ತಿದ್ದಾನೆಯೇ ಎಂದು ನೋಡದೆ ಪೊಟ್ಯಾಸಿಯಂ ಬೇಡ.

ರಾತ್ರಿ ಎಲೆಕ್ಟ್ರೊಲೈಟ್ ಪರೀಕ್ಷೆಗೆ ದಾರಿಯೇ ಇಲ್ಲದಿದ್ದರೆ? ಇಸಿಜಿ ತೆಗೆಯಿರಿ. ಎತ್ತರದ ಚೂಪು ಟಿ ಅಲೆ ಕಂಡರೆ ಪೊಟ್ಯಾಸಿಯಂ ಹೆಚ್ಚಿರಬಹುದು, ಟಿ ಚಪ್ಪಟೆಯಾಗಿ ಯು ಅಲೆ ಕಂಡರೆ ಕಡಿಮೆ ಇರಬಹುದು. ಆದರೆ ಇಸಿಜಿ ರಕ್ತಪರೀಕ್ಷೆಗೆ ಬದಲಿಯಲ್ಲ. ಅಂಥ ರಾತ್ರಿ ಸಲೈನ್ ಹಚ್ಚಿ, ಎಷ್ಟು ಗಂಟೆಗೆ ಎಷ್ಟು ಹೋಯಿತು ಎಂದು ಬರೆದು, ಜಿಲ್ಲಾಸ್ಪತ್ರೆಗೆ ಕಳಿಸುವುದೇ ಮೇಲು. ಆಂಬುಲೆನ್ಸ್ ಹತ್ತಿಸುವ ಮುನ್ನ ‘ಒಂದು 10 ಯೂನಿಟ್ ಕೊಟ್ಟುಬಿಡಿ’ ಎನ್ನುವ ಅಭ್ಯಾಸ ಕೆಟ್ಟದ್ದು.

ಡ್ರಿಪ್: ಪಂಪ್ ಇದ್ದರೆ, ಇಲ್ಲದಿದ್ದರೆ

ರಕ್ತನಾಳಕ್ಕೆ ಹೋಗುವುದು ರೆಗ್ಯುಲರ್ ಇನ್ಸುಲಿನ್. ಬೇಗ ಕೆಲಸ ಮಾಡುವ ಲಿಸ್ಪ್ರೊ, ಆಸ್ಪಾರ್ಟ್ ಇನ್ಸುಲಿನ್‌ಗಳನ್ನು ರಕ್ತನಾಳಕ್ಕೆ ಕೊಟ್ಟರೆ ಹೆಚ್ಚಿನ ಲಾಭವೇನಿಲ್ಲ, ದುಡ್ಡು ದಂಡ. ಪ್ರಮಾಣ ಪ್ರತಿ ಕೆ.ಜಿ.ಗೆ ಗಂಟೆಗೆ 0.1 ಯೂನಿಟ್, ನಿಮ್ಮ ಯುವಕನಿಗೆ 6. ಡ್ರಿಪ್ ಸಿದ್ಧವಾಗಲು ತಡವಾಗುವುದಾದರೆ ವಯಸ್ಕರಿಗೆ ಕೆ.ಜಿ.ಗೆ 0.1ರಂತೆ ಒಂದು ಬೋಲಸ್ (ಒಂದೇ ಸಲಕ್ಕೆ ಕೊಡುವ ಡೋಸ್) ಕೊಡಬಹುದು, ಡ್ರಿಪ್ ತಕ್ಷಣ ಶುರುವಾದರೆ ಅದರ ಅಗತ್ಯವಿಲ್ಲ. 1970ರ ದಶಕದ ಮೊದಲು ಇದೇ ಕಾಯಿಲೆಗೆ ನೂರಾರು ಯೂನಿಟ್ ಕೊಡುತ್ತಿದ್ದರು, ಸಕ್ಕರೆ ಮತ್ತು ಪೊಟ್ಯಾಸಿಯಂ ಎರಡೂ ಕುಸಿಯುತ್ತಿದ್ದವು. 1973ರಲ್ಲಿ ಬ್ರಿಟನ್ನಿನ ವೈದ್ಯ ಆಲ್ಬರ್ಟಿ ಮತ್ತು ಸಂಗಡಿಗರು ಮಾಂಸಖಂಡಕ್ಕೆ ಗಂಟೆಗೊಮ್ಮೆ ಕೊಡುವ ಸಣ್ಣ ಡೋಸ್‌ನಿಂದಲೂ ರೋಗಿ ಚೇತರಿಸಿಕೊಳ್ಳುತ್ತಾನೆ ಎಂದು ತೋರಿಸಿದರು. ಇಂದಿನ ಲೆಕ್ಕದ ಬೇರು ಅಲ್ಲಿದೆ.

ಪಂಪ್ ಇದ್ದರೆ 50 ಮಿ.ಲೀ. ಸಿರಿಂಜ್‌ನಲ್ಲಿ ಸಲೈನ್ ಜೊತೆ 50 ಯೂನಿಟ್: 1 ಮಿ.ಲೀ.ಗೆ 1 ಯೂನಿಟ್, ಗಂಟೆಗೆ 6 ಮಿ.ಲೀ. ಪಂಪ್ ಇಲ್ಲದಿದ್ದರೆ 500 ಮಿ.ಲೀ. ನಾರ್ಮಲ್ ಸಲೈನ್‌ಗೆ 50 ಯೂನಿಟ್ ಹಾಕಿ ಮೈಕ್ರೋಡ್ರಿಪ್ ಸೆಟ್ ಜೋಡಿಸಿ. ಈಗ 10 ಮಿ.ಲೀ.ಯಲ್ಲಿ 1 ಯೂನಿಟ್ ಇದೆ. ಗಂಟೆಗೆ 6 ಯೂನಿಟ್ ಎಂದರೆ 60 ಮಿ.ಲೀ. ಮೈಕ್ರೋಡ್ರಿಪ್‌ನಲ್ಲಿ 60 ಹನಿಗೆ 1 ಮಿ.ಲೀ. ಆದ್ದರಿಂದ ನಿಮಿಷಕ್ಕೆ 60 ಹನಿ, ಸೆಕೆಂಡಿಗೊಂದು. ಗಡಿಯಾರ ಹಿಡಿದು ನೋಡಲು ಇದಕ್ಕಿಂತ ಸುಲಭದ ಲೆಕ್ಕ ಇಲ್ಲ. ಆದರೆ ರೋಗಿ ಕೈ ಮಡಚಿದರೆ ಹನಿ ನಿಲ್ಲುತ್ತದೆ, ನೀಡಿದರೆ ಓಡುತ್ತದೆ. ಬ್ಯುರೆಟ್ (ಅಳತೆಯ ಗೆರೆಗಳಿರುವ ಕೊಳವೆ) ಇರುವ ಸೆಟ್ ಸಿಕ್ಕರೆ ಒಂದು ಸಲಕ್ಕೆ 60 ಮಿ.ಲೀ. ಮಾತ್ರ ತುಂಬಿ ಮೇಲಿನ ಕ್ಲಾಂಪ್ ಮುಚ್ಚಿಬಿಡಿ. ಕಾಲುಗಂಟೆಯಲ್ಲಿ ಎಲ್ಲ ಹರಿದರೂ ಹೋಗುವುದು ಒಂದು ಗಂಟೆಯ ಡೋಸ್ ಮಾತ್ರ, ಇಡೀ ಬಾಟಲಿಯಲ್ಲ.

ಇನ್ಸುಲಿನ್ ಪ್ಲಾಸ್ಟಿಕ್ ನಳಿಕೆಯ ಒಳಗೋಡೆಗೆ ಅಂಟಿಕೊಳ್ಳುತ್ತದೆ. ರೋಗಿಗೆ ಜೋಡಿಸುವ ಮೊದಲು ಸುಮಾರು 20 ಮಿ.ಲೀ. ಹರಿಬಿಟ್ಟು ಚೆಲ್ಲಿ. ಹಾಗೆ ಮಾಡದಿದ್ದರೆ ಶುರುವಿನಲ್ಲಿ ರೋಗಿಗೆ ಹೋಗುವ ಇನ್ಸುಲಿನ್ ಲೆಕ್ಕಕ್ಕಿಂತ ಕಡಿಮೆಯಾಗುತ್ತದೆ. ಚೆಲ್ಲಿ ಉಳಿದ 480 ಮಿ.ಲೀ. ಸರಿಯಾಗಿ 8 ಗಂಟೆಗೆ ಬರುತ್ತದೆ, ಒಂದು ಶಿಫ್ಟ್‌ಗೆ ಒಂದು ಬಾಟಲಿ. ದೇಹಕ್ಕೆ ನೀರು ತುಂಬುವ ಸಲೈನ್ ಬೇರೆ ಲೈನ್‌ನಲ್ಲಿರಲಿ. ಅದೇ ಬಾಟಲಿಗೆ ಇನ್ಸುಲಿನ್ ಸೇರಿಸಿದರೆ ಬಿಪಿ ಕಡಿಮೆಯಾಯಿತೆಂದು ದ್ರವ ಜೋರು ಮಾಡಿದಾಗ ಇನ್ಸುಲಿನ್ ಕೂಡ ಜೋರಾಗುತ್ತದೆ.

ಇನ್ನು 50 ಯೂನಿಟ್ ಎಳೆಯುವ ವಿಷಯ. ನಮ್ಮ ದೇಶದಲ್ಲಿ ವಯಲ್ ಹೆಚ್ಚಾಗಿ 1 ಮಿ.ಲೀ.ಗೆ 40 ಯೂನಿಟ್‌ನದು, ಪೆನ್ ಕಾರ್ಟ್ರಿಡ್ಜ್ 100 ಯೂನಿಟ್‌ನದು. 40ರ ಸಿರಿಂಜ್‌ಗೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ. 40ರ ವಯಲ್‌ನಿಂದ 50 ಯೂನಿಟ್ ಎಂದರೆ 1.25 ಮಿ.ಲೀ., ಕೆಂಪು ಸಿರಿಂಜ್‌ನಲ್ಲಿ ಒಂದು ಪೂರ್ತಿ 40, ಮತ್ತೆ 10. ಅದೇ ವಯಲ್‌ನಿಂದ ಕಿತ್ತಳೆ ಸಿರಿಂಜ್‌ನಲ್ಲಿ ‘50’ರ ಗೆರೆಗೆ ಎಳೆದರೆ ಬಂದಿರುವುದು ಅರ್ಧ ಮಿ.ಲೀ., ಅಂದರೆ 20 ಯೂನಿಟ್. ಬೆಳಗಿನ ತನಕ ಕೀಟೋನ್ ಯಾಕೆ ಇಳಿಯಲಿಲ್ಲ ಎಂದು ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ. ತಿರುಗಾಮುರುಗಾ ಆಗಿ, 100ರ ಇನ್ಸುಲಿನ್‌ಅನ್ನು ಕೆಂಪು ಸಿರಿಂಜ್‌ನಲ್ಲಿ ಎಳೆದರೆ ಎರಡೂವರೆ ಪಟ್ಟು ಹೋಗುತ್ತದೆ, ಅದು ಇನ್ನೂ ಅಪಾಯ. ಲೇಬಲ್ ಮೇಲೆ ಯೂನಿಟ್ ಜೊತೆ ಮಿ.ಲೀ. ಕೂಡ ಬರೆದು, ಇನ್ನೊಬ್ಬರಿಂದ ನೋಡಿಸಿ ಸಹಿ ಹಾಕಿಸಿ.

ಸಕ್ಕರೆ ಗಂಟೆಗೆ 50ರಿಂದ 75ರಷ್ಟು ಇಳಿಯುತ್ತಿದ್ದರೆ ದಾರಿ ಸರಿ ಇದೆ. ಗ್ಲುಕೋಮೀಟರ್ ‘ಹೈ’ ಎಂದು ತೋರಿಸಿದರೆ ಅಂಕಿಯನ್ನು ಊಹಿಸಬೇಡಿ, ರಕ್ತ ಲ್ಯಾಬ್‌ಗೆ ಕಳಿಸಿ. ಕೀಟೋನ್ ಮೀಟರ್ ಇದ್ದರೆ ರಕ್ತದ ಮುಖ್ಯ ಕೀಟೋನ್ ಆದ ಬೀಟಾ ಹೈಡ್ರಾಕ್ಸಿ ಬ್ಯುಟಿರೇಟ್ ಗಂಟೆಗೆ 0.5 ಮಿ.ಮೋಲ್ ಇಳಿಯಬೇಕು. ಇಳಿಯದಿದ್ದರೆ ಡೋಸ್ ಏರಿಸುವ ಮುಂಚೆ ಕ್ಯಾನುಲಾ ಹಾಕಿದ ಜಾಗ ಊದಿದೆಯೇ, ನಳಿಕೆ ಮಡಚಿದೆಯೇ, ಬಾಟಲಿ ಸರಿಯಾಗಿ ಕಲಸಿದೆಯೇ ನೋಡಿ. ಎಲ್ಲ ಸರಿ ಇದ್ದರೆ ಮಾತ್ರ ಡಾಕ್ಟರನ್ನು ಕೇಳಿ ಗಂಟೆಗೆ 1 ಯೂನಿಟ್ ಹೆಚ್ಚಿಸುವುದು. ಮೂತ್ರದ ಪಟ್ಟಿಯನ್ನು ರೋಗ ಗುರುತಿಸಲು ಬಳಸಿ, ಚಿಕಿತ್ಸೆ ಅಳೆಯಲು ಬೇಡ. ಅದು ಅಸಿಟೋಅಸಿಟೇಟ್ ಎಂಬ ಇನ್ನೊಂದು ಕೀಟೋನ್ ಮಾತ್ರ ಹಿಡಿಯುತ್ತದೆ. ರೋಗಿ ಸುಧಾರಿಸುವಾಗ ಬೀಟಾ ಹೈಡ್ರಾಕ್ಸಿ ಬ್ಯುಟಿರೇಟ್ ಮರಳಿ ಅಸಿಟೋಅಸಿಟೇಟ್ ಆಗುವುದರಿಂದ ಪಟ್ಟಿಯ ಬಣ್ಣ ಇನ್ನೂ ಗಾಢವಾಗಬಹುದು. ಪಿಹೆಚ್ (ರಕ್ತದ ಆಮ್ಲೀಯತೆಯ ಅಳತೆ) ನೋಡಲು ಪದೇ ಪದೇ ಅಪಧಮನಿ ಚುಚ್ಚುವುದೂ ಬೇಡ, ಅಭಿಧಮನಿಯ ರಕ್ತ ಸಾಕು.

ಸಕ್ಕರೆ 250ರ ಕೆಳಗೆ ಬಂದಾಗ ಡಿಎನ್‌ಎಸ್ ಗಂಟೆಗೆ 125ರಿಂದ 150 ಮಿ.ಲೀ., ಇನ್ಸುಲಿನ್ ಅರ್ಧಕ್ಕೆ: ಗಂಟೆಗೆ 3 ಯೂನಿಟ್, ನಿಮಿಷಕ್ಕೆ 30 ಹನಿ. ಸಕ್ಕರೆ 200ರ ಆಸುಪಾಸಿನಲ್ಲಿ ನಿಲ್ಲಲಿ. ಅದು ಮತ್ತೆ ಇಳಿಯುತ್ತಿದ್ದರೆ ಗ್ಲೂಕೋಸ್ ಹೆಚ್ಚಿಸಿ, ಬೇಕಾದರೆ ಶೇ. 10ರದು ಹಾಕಿಸಿ. ಇನ್ಸುಲಿನ್ ಮಾತ್ರ ನಿಲ್ಲಿಸಬೇಡಿ.

ಚರ್ಮದಡಿಯ ದಾರಿ ಯಾರಿಗೆ?

ಇದನ್ನು ಪಂಪ್ ಇಲ್ಲದವರ ಬಡ ಉಪಾಯ ಎಂದು ತಿಳಿಯಬೇಡಿ. ಪಿಹೆಚ್ 7.25ರಿಂದ 7.30, ಬೈಕಾರ್ಬೊನೇಟ್ (ರಕ್ತದ ಆಮ್ಲ ತಗ್ಗಿಸುವ ಅಂಶ) 15ರಿಂದ 18 ಇರುವ, ಎಚ್ಚರವಾಗಿ ಮಾತಾಡುವ ರೋಗಿಗೆ ಇದು ಡ್ರಿಪ್‌ನಷ್ಟೇ ಕೆಲಸ ಮಾಡುತ್ತದೆ, ಐಸಿಯು ಹಾಸಿಗೆಯೂ ಬೇಡ. ಮಧ್ಯಮ ತೀವ್ರತೆಯ ಕೆಲವರಿಗೂ ಕೊಡಬಹುದು. ಇಲ್ಲಿ ಬೇಕಾದದ್ದು ಲಿಸ್ಪ್ರೊ, ಆಸ್ಪಾರ್ಟ್, ಗ್ಲುಲೈಸಿನ್‌ನಂಥ ಬೇಗ ಕೆಲಸ ಮಾಡುವ ಇನ್ಸುಲಿನ್. ರೆಗ್ಯುಲರ್ ಚರ್ಮದಡಿಯಿಂದ ಏಳಲು ಅರ್ಧದಿಂದ ಒಂದು ಗಂಟೆ ಹಿಡಿಯುತ್ತದೆ. ಗಂಟೆಗೊಮ್ಮೆ ಕೊಡುತ್ತಾ ಹೋದರೆ ಡೋಸ್‌ಗಳು ಒಂದರ ಮೇಲೊಂದು ಪೇರಿಕೊಂಡು ಕೊನೆಗೆ ಸಕ್ಕರೆ ಧಡಕ್ಕನೆ ಬೀಳುತ್ತದೆ.

ಮೊದಲು ಕೆ.ಜಿ.ಗೆ 0.1 ಯೂನಿಟ್, ಆಮೇಲೆ ಗಂಟೆಗೊಮ್ಮೆ 0.1 ಅಥವಾ ಎರಡು ಗಂಟೆಗೊಮ್ಮೆ 0.2. ಅಂದರೆ 60 ಕೆ.ಜಿ.ಗೆ ಎರಡು ಗಂಟೆಗೊಮ್ಮೆ 12 ಯೂನಿಟ್. ಸಕ್ಕರೆ 250ರ ಕೆಳಗೆ ಬಂದ ಮೇಲೆ ಡಿಎನ್‌ಎಸ್ ಜೊತೆಗೆ ಎರಡು ಗಂಟೆಗೊಮ್ಮೆ 6. ದ್ರವ, ಪೊಟ್ಯಾಸಿಯಂ ನಿಯಮ ಯಾವುದೂ ಬದಲಾಗದು. ಜಿಆರ್‌ಬಿಎಸ್ ಗಂಟೆಗೊಮ್ಮೆ ನೋಡಲು ಸಿಬ್ಬಂದಿ ಇಲ್ಲದ ವಾರ್ಡ್‌ನಲ್ಲಿ ಇದಕ್ಕೆ ಕೈ ಹಾಕಬೇಡಿ.

ಬಿಪಿ ಬಿದ್ದವರಿಗೆ, ಮಂಪರಿನಲ್ಲಿರುವವರಿಗೆ, ಪಿಹೆಚ್ 7ಕ್ಕಿಂತ ಕೆಳಗಿರುವವರಿಗೆ, ಗರ್ಭಿಣಿಯರಿಗೆ, ಹೃದಯಾಘಾತ ಅಥವಾ ತೀವ್ರ ಸೋಂಕಿನೊಂದಿಗೆ ಬಂದವರಿಗೆ ಚರ್ಮದಡಿ ಕೊಡಬಾರದು. ಶಾಕ್‌ನಲ್ಲಿ ಚರ್ಮಕ್ಕೆ ರಕ್ತವೇ ಹರಿಯುವುದಿಲ್ಲ. ಕೊಟ್ಟ ಇನ್ಸುಲಿನ್ ಅಲ್ಲೇ ಕೂತು, ಸಲೈನ್ ಹೋಗಿ ಮೈ ಬೆಚ್ಚಗಾದಾಗ ಎಲ್ಲವೂ ಒಟ್ಟಿಗೆ ಒಳಗೆ ಬರುತ್ತದೆ.

ಮಕ್ಕಳ ಲೆಕ್ಕ ಬೇರೆ. ಅವರಿಗೆ ಬೋಲಸ್ ಇಲ್ಲವೇ ಇಲ್ಲ. ದ್ರವ ಶುರುವಾಗಿ ಕನಿಷ್ಠ ಒಂದು ಗಂಟೆಯಾದ ಮೇಲೆ ಕೆ.ಜಿ.ಗೆ ಗಂಟೆಗೆ 0.05ರಿಂದ 0.1 ಯೂನಿಟ್. ಚಂಡೀಗಢದ ಪಿಜಿಐ ಆಸ್ಪತ್ರೆಯಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 0.05 ಕೂಡ 0.1ಕ್ಕೆ ಕಡಿಮೆಯೇನಲ್ಲ ಎಂದು ಕಂಡಿತು. ಮಗುವಿಗೆ ತಲೆನೋವು ಶುರುವಾದರೆ, ನಾಡಿ ನಿಧಾನವಾದರೆ, ಸರಿಯಾಗಿದ್ದ ಮಗು ಮಂಕಾದರೆ ಮಿದುಳಿನ ಊತವೆಂದೇ ತಿಳಿದು ಡಾಕ್ಟರನ್ನು ಕರೆಯಿರಿ, ಮ್ಯಾನಿಟಾಲ್ ಅಥವಾ ಶೇ. 3ರ ಸಲೈನ್ ಕೈಗೆಟಕುವಂತಿರಲಿ. ಸ್ಕ್ಯಾನ್‌ಗಾಗಿ ಕಾಯುವಂತಿಲ್ಲ.

ಡ್ರಿಪ್ ತೆಗೆಯುವ ಹೊತ್ತು

ಸಕ್ಕರೆ 200ರ ಕೆಳಗೆ, ರಕ್ತದ ಕೀಟೋನ್ 0.6ರ ಕೆಳಗೆ, ಪಿಹೆಚ್ 7.3 ಅಥವಾ ಬೈಕಾರ್ಬೊನೇಟ್ 18 ಮುಟ್ಟಿದರೆ ಡಿಕೆಎ ಇಳಿಯಿತು ಎಂದರ್ಥ. ಇಲ್ಲೊಂದು ತೊಡಕಿದೆ: ನಾರ್ಮಲ್ ಸಲೈನ್ ತುಂಬಾ ಹೋದವರಲ್ಲಿ ಕ್ಲೋರೈಡ್ ಏರಿ, ಕೀಟೋನ್ ಇಲ್ಲದಿದ್ದರೂ ಬೈಕಾರ್ಬೊನೇಟ್ 15, 16ರಲ್ಲೇ ನಿಲ್ಲಬಹುದು. ಸೋಡಿಯಂನಿಂದ ಕ್ಲೋರೈಡ್ ಮತ್ತು ಬೈಕಾರ್ಬೊನೇಟ್ ಕಳೆದು ನೋಡಿ. ಉತ್ತರ 12ರ ಒಳಗಿದ್ದು ಕೀಟೋನೂ ಇಳಿದಿದ್ದರೆ ಅದು ಸಲೈನಿನ ಆಮ್ಲ, ಅದಕ್ಕಾಗಿ ಇನ್ಸುಲಿನ್ ಡ್ರಿಪ್ ಎಳೆಯಬೇಕಿಲ್ಲ. ಸೋಡಾ ಬೈಕಾರ್ಬ್ ಇಂಜೆಕ್ಷನ್ ಕೂಡ ಪಿಹೆಚ್ 7ಕ್ಕಿಂತ ಕೆಳಗೆ ಹೋದವರಿಗಷ್ಟೇ.

ರಕ್ತನಾಳಕ್ಕೆ ಕೊಟ್ಟ ಇನ್ಸುಲಿನ್ ಕೆಲವೇ ನಿಮಿಷದಲ್ಲಿ ಖಾಲಿಯಾಗುತ್ತದೆ. ಆದ್ದರಿಂದ ಚರ್ಮದಡಿಯ ದೀರ್ಘಾವಧಿ ಇನ್ಸುಲಿನ್ ಮೊದಲು ಕೊಟ್ಟು, ಒಂದರಿಂದ ಎರಡು ಗಂಟೆ ಕಳೆದ ಮೇಲೆ ಡ್ರಿಪ್ ತೆಗೆಯಬೇಕು. ಬೆಳಗ್ಗೆ ರೌಂಡ್ಸ್‌ನಲ್ಲಿ ‘ಡ್ರಿಪ್ ಸ್ಟಾಪ್, ಸ್ಲೈಡಿಂಗ್ ಸ್ಕೇಲ್’ ಎಂದು ಬರೆದು ಹೋದರೆ ಮಧ್ಯಾಹ್ನದ ಹೊತ್ತಿಗೆ ಮತ್ತೆ ವಾಂತಿ, ಸಂಜೆಗೆ ಮತ್ತೆ ಕೀಟೋನ್. ಸ್ಲೈಡಿಂಗ್ ಸ್ಕೇಲ್ ಸಕ್ಕರೆ ಏರಿದ ಮೇಲೆ ಅದರ ಹಿಂದೆ ಓಡುವ ಪದ್ಧತಿ, ಟೈಪ್ 1 ರೋಗಿಗೆ ಅದೊಂದೇ ಯಾವತ್ತೂ ಸಾಲದು. ಮೊದಲೇ ಗ್ಲಾರ್ಜಿನ್ (ಒಂದು ದೀರ್ಘಾವಧಿ ಇನ್ಸುಲಿನ್) ತೆಗೆದುಕೊಳ್ಳುತ್ತಿದ್ದವರಿಗೆ ಡ್ರಿಪ್ ನಡೆಯುವಾಗಲೂ ಅದನ್ನು ಮುಂದುವರಿಸುವುದು ಒಳ್ಳೆಯದು. ಬ್ರಿಟನ್ನಿನಲ್ಲಿ ಇದೇ ರೂಢಿ, ಡ್ರಿಪ್ ತೆಗೆದಾಗ ಸಕ್ಕರೆ ಹಾರುವುದು ಕಡಿಮೆ.

ಹೊಸದಾಗಿ ಪತ್ತೆಯಾದ 60 ಕೆ.ಜಿ. ರೋಗಿಗೆ ಕೆ.ಜಿ.ಗೆ 0.5ರಂತೆ ದಿನಕ್ಕೆ 30 ಯೂನಿಟ್: 15 ಗ್ಲಾರ್ಜಿನ್, ಮೂರು ಊಟಕ್ಕೆ ಐದೈದು. 30/70 ಮಿಶ್ರ ಇನ್ಸುಲಿನ್ ಮಾತ್ರ ಇದ್ದರೆ ಬೆಳಗ್ಗೆ 20, ರಾತ್ರಿ 10, ಎರಡೂ ಊಟಕ್ಕೆ ಅರ್ಧ ಗಂಟೆ ಮೊದಲು. ವಯಸ್ಸಾದವರಿಗೆ, ಮೂತ್ರಪಿಂಡ ಸೋತವರಿಗೆ ಕೆ.ಜಿ.ಗೆ 0.3ರಿಂದ ಶುರು.

ನಿಮ್ಮ ಪ್ರಶ್ನೆಯಲ್ಲಿಲ್ಲದ ಒಂದು ವಿಷಯ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಧುಮೇಹದ ಮಾತ್ರೆಗಳು ಈಗ ಅಗ್ಗವಾಗಿ ಊರೂರಿನ ಮೆಡಿಕಲ್ ಶಾಪ್‌ನಲ್ಲಿ ಸಿಗುತ್ತವೆ. ಇವು ಸಕ್ಕರೆಯನ್ನು ಮೂತ್ರಕ್ಕೆ ಹರಿಸುವುದರಿಂದ ಸಕ್ಕರೆ 180 ಇದ್ದಾಗಲೂ ಪೂರ್ಣ ಪ್ರಮಾಣದ ಡಿಕೆಎ ಇರಬಹುದು. ಉಪವಾಸ, ವಾಂತಿಭೇದಿ, ಆಪರೇಷನ್‌ಗಾಗಿ ಹೊಟ್ಟೆ ಖಾಲಿ ಬಿಟ್ಟದ್ದು, ಇಂಥ ಸಂದರ್ಭದಲ್ಲಿ ಬರುತ್ತದೆ. ಈ ಮಾತ್ರೆ ನುಂಗುವವರು ವಾಂತಿ, ಏದುಸಿರು ಎಂದು ಬಂದರೆ ಜಿಆರ್‌ಬಿಎಸ್ ನೋಡಿ ‘ಶುಗರ್ ಪರವಾಗಿಲ್ಲ’ ಎಂದು ಕಳಿಸಬೇಡಿ, ಕೀಟೋನ್ ನೋಡಿ. ಚಿಕಿತ್ಸೆಯಲ್ಲಿ ಸಲೈನ್ ಜೊತೆ ಗ್ಲೂಕೋಸ್ ಮೊದಲ ಗಂಟೆಯಿಂದಲೇ ಬೇಕು. ಮಾತ್ರೆಯ ಪರಿಣಾಮ ನಿಲ್ಲಿಸಿದ ಮೇಲೂ ಕೆಲವು ದಿನ ಉಳಿಯುವುದರಿಂದ ಕೀಟೋನ್ ನಿಧಾನವಾಗಿ ಇಳಿಯುತ್ತದೆ. ಡಿಸ್‌ಚಾರ್ಜ್ ಚೀಟಿ ಬರೆಯುವಾಗ ಹಳೆಯ ಮಾತ್ರೆ ಪಟ್ಟಿಯನ್ನು ಹಾಗೆಯೇ ನಕಲು ಮಾಡುವ ರೂಢಿ ಇದೆಯಲ್ಲ, ಅದರೊಂದಿಗೆ ಈ ಮಾತ್ರೆಯೂ ಮನೆಗೆ ಹೋಗುತ್ತದೆ. ಅದನ್ನು ಕೆಂಪು ಪೆನ್ನಿನಲ್ಲಿ ಹೊಡೆದು, ಮನೆಯಲ್ಲಿ ಉಳಿದಿರುವ ಆ ಮಾತ್ರೆಗಳನ್ನೂ ತೆಗೆದಿಡಲು ಮನೆಯವರಿಗೆ ಹೇಳಿ ಕಳಿಸಿ.